ಹಡಗಿನ ರೂಯಿ

ಪ್ರಶ್ನೆಯೇ ತಪ್ಪಾಗಿತ್ತು ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಉತ್ತರ ಕೊಟ್ಟವನನ್ನು ಪೆದ್ದನೆಂದು ನಕ್ಕವರ ಮುಖಗಳು ನನಗೆ ಚೆನ್ನಾಗಿ ನೆನಪಿವೆ. ಅವರಲ್ಲೊಬ್ಬರು ಈಗಲೂ ಮದುವೆಯ ಊಟಗಳಲ್ಲಿ ಎದುರಾಗುತ್ತಾರೆ. ನಾನು ಕೈಮುಗಿಯುತ್ತೇನೆ, ಪಕ್ಕದಲ್ಲಿ ಮಾತ್ರ ಕೂರುವುದಿಲ್ಲ.

ತೊಂಬತ್ತರ ದಶಕದ ನಡುವಿನ ಸಂಗತಿ. ನೌಕಾಪಡೆಯಲ್ಲಿ ಬಾಯ್ಲರ್ ರೂಮಿನ ಚೀಫ್ ಆಗಿ ನಿವೃತ್ತನಾದ ಮೇಲೆ ನಾನು ಬಹ್ರೇನಿಗೆ ಬಂದು, ಹಡಗು ರಿಪೇರಿಯ ಒಂದು ಯಾರ್ಡಿನಲ್ಲಿ ಮೇಲ್ವಿಚಾರಕನಾಗಿದ್ದೆ. ಮನೆ ಅಲ್ಲಿನ ಜಿಂಜ್ ಎಂಬ ಬಡಾವಣೆಯಲ್ಲಿ. ಹಡಗಿನಲ್ಲಿ ನನ್ನ ಕೈಕೆಳಗೆ ಸ್ಟೋಕರ್ ಆಗಿದ್ದ ಮಲ್ಪೆ ಕಡೆಯವನೊಬ್ಬ ಹಮದ್ ಟೌನಿನ ಒಂದು ರೌಂಡ್‌ಅಬೌಟಿನ ಪಕ್ಕದಲ್ಲಿ ಕೋಲ್ಡ್ ಸ್ಟೋರ್ ನೋಡಿಕೊಳ್ಳುತ್ತಿದ್ದ. ಹೆಸರು ಕೋಲ್ಡ್ ಸ್ಟೋರ್ ಆದರೂ ಅದು ಬ್ರೆಡ್ಡು, ಮೊಸರು, ನೀರಿನ ಬಾಟಲಿ ಮಾರುವ ಬೀದಿ ಮೂಲೆಯ ಅಂಗಡಿ. ಸ್ಟೋಕರ್ ಎಂದರೆ ಕಲ್ಲಿದ್ದಲು ಎರಚುವವನೆಂದು ತಿಳಿದವರಿದ್ದಾರೆ, ಆದ್ದರಿಂದ ಸ್ಪಷ್ಟಪಡಿಸುತ್ತೇನೆ: ನಮ್ಮದು ಎಣ್ಣೆ ಉರಿಸಿ ಆವಿ ಎಬ್ಬಿಸುವ ಹಡಗು. ಬಾಯ್ಲರನ್ನೂ ಆವಿಯ ಪೈಪುಗಳನ್ನೂ ಕಾಯುವುದು, ಪೈಪಿನ ಹೊದಿಕೆ ಹರಿದರೆ ಬಿಚ್ಚಿ ಮತ್ತೆ ಸುತ್ತುವುದು ಅವನ ಕೆಲಸ. ಅವನಷ್ಟು ಬಿಗಿಯಾಗಿ ಸುತ್ತುವವನು ಆ ಹಡಗಿನಲ್ಲಿ ಇನ್ನೊಬ್ಬನಿರಲಿಲ್ಲ.

ಅವನಿಗೆ ಏದುಸಿರು ಹತ್ತಿದ್ದು ನನಗೆ ತಿಳಿದದ್ದು ಕಾರಿನ ಹಾರ್ನಿನಿಂದ. ಅಲ್ಲಿನ ರೂಢಿಯೆಂದರೆ, ಗಿರಾಕಿ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆಯುತ್ತಾನೆ, ಅಂಗಡಿಯವನು ಓಡಿ ಬಂದು ಕೇಳಿದ್ದನ್ನು ತಂದು ಕಿಟಕಿಯೊಳಗೆ ಕೊಡಬೇಕು. ಆ ಚಳಿಗಾಲದಲ್ಲಿ ನಾನು ಹೋದಾಗಲೆಲ್ಲ ಒಂದೇ ಕಾರು ಮತ್ತೆ ಮತ್ತೆ ಹಾರ್ನ್ ಹೊಡೆಯುವುದು ಕೇಳಿಸುತ್ತಿತ್ತು. ಇವನು ಬಾಗಿಲಿನ ಚೌಕಟ್ಟು ಹಿಡಿದು ನಿಂತು ಉಸಿರು ಕೂಡಿಸಿಕೊಳ್ಳುತ್ತಿದ್ದ. ಓಡಲಾಗದವನಿಗೆ ಕೋಲ್ಡ್ ಸ್ಟೋರಿನಲ್ಲಿ ಜಾಗವಿಲ್ಲ. ಅವನ ಅರಬಾಬ, ಎಂದರೆ ಅಂಗಡಿಯ ಮಾಲೀಕ, ಒಳ್ಳೆಯ ಮನುಷ್ಯನೇ. ಆದರೂ ಬೇಸಿಗೆ ಕಳೆದ ಮೇಲೆ ಖಲಾಸ್, ಊರಿಗೆ ಹೋಗು ಎಂದಿದ್ದ. ಊರಿಗೆ ಹೋದರೆ ತಿನ್ನುವುದೇನು? ಪೂರ್ಣ ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ನೌಕಾಪಡೆ ಬಿಟ್ಟವನು ಅವನು. ದುಡಿಯುವ ಮೈ ಬಿಟ್ಟರೆ ಗಂಡ ಹೆಂಡತಿಗೆ ಬೇರೆ ಆಸ್ತಿಯಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಮೊದಲು ಕ್ಷಯವೆಂದು ಸಂಶಯಪಟ್ಟರು, ಅದಲ್ಲವೆಂದಾಯಿತು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಬುಡದಲ್ಲಿ ಗಾಯ ಒಣಗಿದಂಥ ಗೆರೆಗಳಿದ್ದವು. ಬೀಡಿಯಿಂದ ಬಂದಿರಬಹುದು ಎಂದು ಡಾಕ್ಟರು ಷರಾ ಬರೆದರು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾರ್ಡಿನಲ್ಲಿ ಹಳೆಯ ಹಡಗುಗಳ ಪೈಪಿನ ಹೊದಿಕೆ ಕೀಳುವಾಗ ಆ ಹೊತ್ತಿಗಾಗಲೇ ಸುತ್ತ ಪಟ್ಟಿ ಕಟ್ಟಿ, ಮುಖವಾಡ ತೊಟ್ಟವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಅಲ್ಲಿ ನನ್ನ ಜೊತೆಗಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬ ತನ್ನ ದೇಶದ ನೌಕಾಪಡೆಯಲ್ಲಿ ಎಂಜಿನ್ ರೂಮಿನವನಾಗಿದ್ದ. ಅವನಿಗೂ ಅದೇ ಏದುಸಿರು. ಆಸ್ಬೆಸ್ಟಾಸಿನ ಧೂಳು ಒಳಗೆ ಹೋಗಿ ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಎದ್ದು ಕೂರುತ್ತದೆ ಎಂದು ಹೇಳಿದವನು ಅವನೇ. ಅವರಲ್ಲಿ ಆ ಕಾಲದ ಸೇವೆಗಾಗಿ ನೌಕಾಪಡೆಯ ಮೇಲೆ ದಾವೆ ಹೂಡುವಂತಿಲ್ಲವಂತೆ, ಆದರೆ ಪಿಂಚಣಿ ಕೇಳಬಹುದಂತೆ. ಅವನು ಕೇಳಿ ಪಡೆದಿದ್ದ. ಅಮೆರಿಕದ ಮಾಜಿ ನಾವಿಕರು ಆ ವಸ್ತುವನ್ನು ತಯಾರಿಸಿ ಮಾರಿದ ಕಂಪನಿಗಳನ್ನೇ ಕೋರ್ಟಿಗೆ ಎಳೆಯುತ್ತಾರಂತೆ. ನಮ್ಮಲ್ಲಿ ಏನುಂಟು ಎಂದು ನಾನು ಊರಿನ ವಕೀಲರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ. ರೋಗ ಸೇವೆಯಿಂದಲೇ ಬಂದದ್ದೆಂದು ವೈದ್ಯಕೀಯ ಮಂಡಳಿ ಒಪ್ಪಿದರೆ ಅಂಗವೈಕಲ್ಯ ಪಿಂಚಣಿ, ಸೇನಾ ಆಸ್ಪತ್ರೆಯ ಚಿಕಿತ್ಸೆ. ಒಪ್ಪದಿದ್ದರೆ ಮೇಲ್ಮನವಿ. ಅಲ್ಲೂ ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್. ನಾನು ಅವನ ಪರವಾಗಿ ಅರ್ಜಿ ಬರೆದು, ಇವನು ನನ್ನ ಬಾಯ್ಲರ್ ರೂಮಿನವನೆಂದು ಸಾಕ್ಷಿ ಹೇಳಿ, ಕ್ಲಿನಿಕ್ಕಿನವರು ಲಕೋಟೆ ಮುಚ್ಚಿ ಕೊಟ್ಟ ವರದಿಯನ್ನೂ ಸೇರಿಸಿ ಕಳಿಸಿದೆ.

ಅರ್ಜಿ ತಿರಸ್ಕೃತವಾಯಿತು. ಕಾರಣ ಓದಿ ನನ್ನ ಮೈಯೆಲ್ಲ ಉರಿಯಿತು: ತಾನು ಎಂದೂ ಆಸ್ಬೆಸ್ಟಾಸ್ ಮುಟ್ಟಿದವನಲ್ಲವೆಂದು ರೋಗಿಯೇ ತನ್ನ ವೈದ್ಯರಿಗೆ ಹೇಳಿದ್ದಾನೆ.

ಶುಕ್ರವಾರ ರಜೆ. ಊಟವನ್ನೂ ಮಾಡದೆ ಹಮದ್ ಟೌನಿಗೆ ಕಾರು ಓಡಿಸಿದೆ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ಸಂಸಾರ. ಅವನ ಹೆಂಡತಿ ಕಿಟಕಿಯ ಬೆಳಕಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಅವನು ಮಂಚದ ಮೇಲೆ ದಿಂಬಿಗೆ ಒರಗಿದ್ದ.

"ಕ್ಲಿನಿಕ್ಕಿನಲ್ಲಿ ಡಾಕ್ಟರ ಹತ್ತಿರ ನೀನು ಎಂತ ಹೇಳಿದ್ದು?" ಎಂದೆ.

"ಎಂತ ಹೇಳುದು ಚೀಫೇ? ಅವರು ಕೇಳಿದ್ದಕ್ಕೆ ಹೇಳಿದೆ."

"ಅವರು ಎಂತ ಕೇಳಿದ್ದು?"

"ಆಸ್ಬೆಸ್ಟಾಸಿನ ಸಹವಾಸ ಉಂಟಾ ಕೇಳಿದ್ರು. ಇಲ್ಲ ಹೇಳಿದೆ. ನಮ್ಮದು ಹಂಚಿನ ಮನೆ ಅಲ್ವಾ? ದನದ ಕೊಟ್ಟಿಗೆಗೆ ಸಹ ಹಂಚೇ. ನೀವೇ ಬಂದು ನೋಡಿದ್ದೀರಿ."

ಅವನ ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ದನಿಗೂಡಿಸಿದಳು. "ಇವರು ಹೇಳಿದ್ದು ಸರಿಯೇ ಅಣ್ಣ. ಒಮ್ಮೆ ಶೀಟು ಹಾಕುವ ಅಂತ ಹೊರಟಿದ್ರು. ಸೆಕೆ ಆಗ್ತದೆ ಅಂತ ಅತ್ತೆ ಬಿಡ್ಲೇ ಇಲ್ಲ."

ನಮ್ಮ ಕರಾವಳಿಯಲ್ಲಿ, ನಮ್ಮ ಕರಾವಳಿಯಲ್ಲೇನು, ಇಡೀ ನಾಡಿನಲ್ಲಿ ಆಸ್ಬೆಸ್ಟಾಸ್ ಎಂದರೆ ಒಂದೇ ಅರ್ಥ: ಮಾಡಿಗೆ ಹೊದಿಸುವ ಅಲೆಯಲೆಯ ಬೂದು ಶೀಟು. ಆ ಅರ್ಥದಲ್ಲಿ ಅವನ ಉತ್ತರ ನೂರಕ್ಕೆ ನೂರು ಸತ್ಯ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ಅದರ ಜಾಗದಲ್ಲಿ ಬೇರೊಂದು ಉದ್ವೇಗ ಏಳತೊಡಗಿತು.

"ಬಾಯ್ಲರ್ ರೂಮಲ್ಲಿ ಸ್ಟೀಮ್ ಪೈಪಿಗೆ ನೀನು ಸುತ್ತುತ್ತಿದ್ದದ್ದು ಎಂತ?"

"ರೂಯಿ."

ರೂಯಿ ಎಂದರೆ ಹಿಂದಿಯಲ್ಲಿ ಹತ್ತಿ. ಹಡಗಿನ ತಳದಲ್ಲಿ ಪಂಜಾಬಿನವನಿಂದ ಮಲಬಾರಿನವನವರೆಗೆ ಎಲ್ಲರೂ ಅದನ್ನು ಹಾಗೆಯೇ ಕರೆಯುತ್ತಿದ್ದರು. ಬೆಳ್ಳಗೆ, ಮೆತ್ತಗೆ, ಗೋಣಿಯಿಂದ ಕಿತ್ತರೆ ಎಳೆಎಳೆಯಾಗಿ ಬರುವ ವಸ್ತು. ಅದಕ್ಕೆ ಬೇರೆ ಹೆಸರು ಯಾರಿಗೂ ಬೇಕಾಗಿರಲಿಲ್ಲ.

"ನೆನಪುಂಟಾ ಚೀಫೇ," ಎಂದು ಅವನು ಉತ್ಸಾಹದಿಂದ ಎದ್ದು ಕೂತ. "ಗಣಪತಿ ಹಬ್ಬದ ನಾಟಕಕ್ಕೆ ನಂಗೆ ಋಷಿಯ ಗಡ್ಡ ಅದರದ್ದೇ ಮಾಡಿದ್ದು. ಗೋಂದು ಹಾಕಿ ಅಂಟಿಸಿದ್ದು. ನಾಟಕ ಇಡೀ ಸೀನುತ್ತಾ ಇದ್ದೆ. ಜನ ಅದೇ ತಮಾಷೆ ಅಂತ ನಕ್ಕದ್ದೇ ನಕ್ಕದ್ದು. ಮತ್ತೆ ವಾಚ್ ಡ್ಯೂಟಿ ಮುಗಿದ ಮೇಲೆ ಆ ಮೂಟೆ ಮೇಲೆಯೇ ಮಲಗುದು. ಎಂಥ ಮೆತ್ತೆ ಗೊತ್ತುಂಟಾ?"

ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅದು ಯಾವ ಗಿಡದ ಹತ್ತಿ ಮಾರಾಯ?" ಎಂದೆ. "ಕಾದ ಪೈಪಿಗೆ ಸುತ್ತಿದರೂ ಹೊತ್ತಿಕೊಳ್ಳದ ಹತ್ತಿಯನ್ನು ನೀನು ಬೇರೆಲ್ಲಾದರೂ ಕಂಡಿದ್ದೀಯಾ?"

ಹೊರಗೆ ಹಾರ್ನ್ ಆಯಿತು. ಅಭ್ಯಾಸಬಲದಿಂದ ಏಳಹೊರಟವನನ್ನು ಹೆಂಡತಿ ಭುಜ ಒತ್ತಿ ಕೂರಿಸಿದಳು.

"ನೀವು ಕೂತ್ಕೊಳ್ಳಿ. ಅಣ್ಣ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಿ. ಗಿರಾಕಿಗೆ ನಾನು ಕೊಡ್ತೇನೆ."

ನಾನು ಮಾತನ್ನು ಇನ್ನೊಂದು ಕಡೆಯಿಂದ ಶುರುಮಾಡಿದೆ. "ಶಾಲೆಯಲ್ಲಿ ಭೂಗೋಳ ಓದಿದ್ದು ನೆನಪುಂಟಾ? ನಮ್ಮ ರಾಜ್ಯದ ಖನಿಜಗಳು?"

ಆಶ್ಚರ್ಯವೆಂದರೆ, ಅವನು ಒಂದೇ ಉಸಿರಿಗೆ, ಅಂದರೆ ಅವನಿಗಿದ್ದ ಅಷ್ಟೇ ಉಸಿರಿನಲ್ಲಿ, ಹಾಡಿದಂತೆ ಒಪ್ಪಿಸಿದ: "ಚಿನ್ನ, ಕಬ್ಬಿಣ, ಮ್ಯಾಂಗನೀಸ್, ಕ್ರೋಮೈಟ್, ಕಲ್ನಾರು."

"ಕೊನೆಯದು ಎಂತ?"

"ಕಲ್ನಾರು."

"ಹಾಗೆಂದರೆ?"

"ಹಾಗೆಂದ್ರೆ ಎಂತ ಚೀಫೇ, ಪರೀಕ್ಷೆಗೆ ಬರ್ತಿತ್ತು. ಅರ್ಥ ಯಾರು ಕೇಳ್ತಾರೆ?"

"ಬಿಡಿಸಿ ಹೇಳು."

"ಕಲ್ಲು," ಎಂದ. ಸ್ವಲ್ಪ ತಡೆದ. "ಕಲ್ಲಿನ ನಾರು."

ಅವನ ಕೈಬೆರಳುಗಳು ತಾವಾಗಿಯೇ ಎಳೆ ಕಿತ್ತು ಹೊಸೆಯುವಂತೆ ಆಡತೊಡಗಿದವು. ಆ ವಸ್ತುವಿನ ಮೂರು ಹೆಸರುಗಳೂ ಅವನಿಗೆ ಗೊತ್ತಿದ್ದವು. ಶಾಲೆಯ ಪುಸ್ತಕದಲ್ಲಿ ಕಲ್ನಾರು, ಮನೆಯ ಮಾಡಿನ ಮೇಲೆ ಆಸ್ಬೆಸ್ಟಾಸ್, ಹಡಗಿನಲ್ಲಿ ರೂಯಿ. ಮೂರೂ ಒಂದೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆಯೇ ನಾನು ಕ್ಲಿನಿಕ್ಕಿನಲ್ಲಿದ್ದೆ. ಇಷ್ಟು ಸರಳವಾದ ತಪ್ಪನ್ನು ತಿದ್ದಲು ಇನ್ನೆಷ್ಟು ಹೊತ್ತು ಬೇಕು ಎಂಬ ಹುಮ್ಮಸ್ಸು ನನಗೆ. ಡಾಕ್ಟರು ನನಗಿಂತ ಬಹಳ ಚಿಕ್ಕವರು, ಹಿಂದಿ-ಉರ್ದುವಿನಲ್ಲಿ ಮಾತಾಡುವವರು. ನಾನು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವರು ಕಿತ್ತಳೆ ಸುಲಿಯುತ್ತ ಕೇಳಿದರು.

"ಚಾಚಾ, ಮರೀಜ್ ಕಾ ಬಯಾನ್ ಹೈ," ಎಂದರು. ರೋಗಿಯದೇ ಹೇಳಿಕೆಯಂತೆ, ಬದಲಿಸಲಾಗದಂತೆ. ಆಮೇಲೆ ಒಂದು ತೊಳೆ ಬಾಯಿಗಿಟ್ಟು, "ಈಗ ಪೆನ್ಷನ್ ಆಸೆಗೆ ಮಾತು ತಿರುಗಿಸುತ್ತಿದ್ದೀರಿ, ಅಲ್ಲವೇ?" ಎಂದು ನಕ್ಕರು. ಕಿತ್ತಳೆಯ ಸಿಪ್ಪೆಯನ್ನು ನನ್ನ ಕಡೆಯ ಮೇಜಿನ ಮೇಲೆ ಇಟ್ಟರು. ಹಾಗೆ ಇಡಬೇಕಾದ ಅಗತ್ಯವಿರಲಿಲ್ಲ. ಅವರ ಪಕ್ಕದಲ್ಲೇ ಕಸದ ಬುಟ್ಟಿಯಿತ್ತು.

ಅಲ್ಲಿಂದ ಮುಂದೆ ಕಷ್ಟ ಹೆಚ್ಚಿತು. ಸತ್ಯ ಹೇಳಿದವನು ಈಗ ಮಾತು ಬದಲಿಸಿದರೆ ಸುಳ್ಳುಗಾರನಾಗುತ್ತಾನೆ. ಮೇಲ್ಮನವಿಗೆ ಹೊಸ ವೈದ್ಯಕೀಯ ಹೇಳಿಕೆ ಬೇಕು, ಅದನ್ನು ಕೊಡುವವರು ಯಾರು? ಬೇಸಿಗೆ ಹತ್ತಿರವಾಗುತ್ತಿತ್ತು. ಅಂಗಡಿಗೆ ಬೇರೊಬ್ಬನನ್ನು ಗೊತ್ತು ಮಾಡಿದ್ದಾಗಿ ಅರಬಾಬ ಹೇಳಿದ್ದ.

ಆಗ ಬಂತು ಹಡಗು. ನಮ್ಮದೇ ನೌಕಾಪಡೆಯ ಆವಿಯ ಹಡಗೊಂದು ಸೌಹಾರ್ದ ಭೇಟಿಗೆಂದು ಬಂದರಿಗೆ ಬರುತ್ತದೆ, ಮಾಜಿ ನಾವಿಕರಿಗೆ ಹಡಗಿನ ಮೇಲೆ ಚಹಾಕೂಟವಿದೆ ಎಂಬ ಸುದ್ದಿ ಹಬ್ಬಿತು. ಆವಿಯ ಹಡಗು ಎಂದು ಕೇಳಿದ ಕ್ಷಣ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆವಿಯಿದ್ದರೆ ಪೈಪು, ಪೈಪಿದ್ದರೆ ಹೊದಿಕೆ, ಮತ್ತು ಅಷ್ಟು ದೊಡ್ಡ ಹಡಗಿನಲ್ಲಿ ಒಬ್ಬ ಡಾಕ್ಟರು ಇದ್ದೇ ಇರಬೇಕು.

ಆಹ್ವಾನಿತರ ಹೆಸರು ಬರೆದುಕೊಳ್ಳುತ್ತಿದ್ದವರು ನಮ್ಮ ಮಾಜಿ ಸೈನಿಕರ ಕೂಟದ ಮುಂದಾಳು. ನಾನು ಮದುವೆ ಊಟದಲ್ಲಿ ದೂರ ಕೂರುವುದು ಇವರಿಂದಲೇ. ಹಿಂದಿನ ವರ್ಷದ ಕೂಟದಲ್ಲಿ ಎಂಜಿನ್ ರೂಮಿನವರನ್ನೆಲ್ಲ ಕಂಬದ ಮರೆಗೆ ಕೂರಿಸಿದವರೂ ಇವರೇ.

"ನೀವು ಬನ್ನಿ ಮಾರಾಯ್ರೆ," ಎಂದರು. "ಆದ್ರೆ ಆ ಅಂಗಡಿಯವನು ಯಾಕೆ? ನಾಲ್ಕು ಮೆಟ್ಲು ಹತ್ತಿದ್ರೆ ಅಲ್ಲೇ ಬೀಳ್ತಾನೆ. ಮತ್ತೆ, ಅವನದ್ದು ಹಂಚಿನ ಮನೆಯಂತೆ ಅಲ್ವಾ?" ಎಂದು ಪಕ್ಕದವರತ್ತ ತಿರುಗಿ ನಕ್ಕರು. ಸುದ್ದಿ ಅಷ್ಟರಲ್ಲಾಗಲೇ ತಮಾಷೆಯಾಗಿ ಊರೆಲ್ಲ ಸುತ್ತಿತ್ತು.

"ಅವನ ಹೆಸರು ಬರೆಯಿರಿ," ಎಂದೆ. "ನನ್ನ ಹೆಸರಿನ ಮೇಲೆ ಬರೆಯಿರಿ."

ಅವರು ಬರೆದರು, ಕೆಳಗೆ ಬರೆದರು.

ಚಹಾಕೂಟದ ದಿನ ಸಂಜೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ನಮ್ಮ ಕಾಲದಲ್ಲಿ ಮಸಿ ಮೆತ್ತಿದ ಬಾಯ್ಲರ್ ರೂಮಿನವರನ್ನು ಹಿಂದಿನ ಏಣಿಯಿಂದ ಹತ್ತಿಸುತ್ತಿದ್ದರು. ಅಂದು ನಾವು ಮುಂದಿನ ಗ್ಯಾಂಗ್‌ವೇಯಲ್ಲೇ ಹತ್ತಿದೆವು. ಅವನು ನಡುವೆ ಎರಡು ಕಡೆ ನಿಂತ. ಹಿಂದೆ ಮುಂದಾಳು ಕಾಯುತ್ತಿದ್ದರು. ನಾನು ದಾರಿ ಬಿಡಲಿಲ್ಲ.

ಹಡಗಿನ ಡಾಕ್ಟರು ಪುಣೆಯ ಕಡೆಯ ಯುವಕ. ಸಮೋಸದ ತಟ್ಟೆ ಹಿಡಿದು ನಿಂತಿದ್ದ ಅವರ ಬಳಿ ಹೋಗಿ ನನ್ನ ಹೆಸರು, ದರ್ಜೆ ಹೇಳಿ, ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ತಟ್ಟೆ ಕೆಳಗಿಟ್ಟರು. ಅದನ್ನು ನಾನು ಮರೆತಿಲ್ಲ. ಮರ್ಯಾದೆಯನ್ನೂ ನಾನು ಮರೆಯುವವನಲ್ಲ.

"ಸಿಕ್ ಬೇಗೆ ಕರೆದುಕೊಂಡು ಬನ್ನಿ, ನಾನೇ ಕೇಳುತ್ತೇನೆ," ಎಂದರು ಹಿಂದಿಯಲ್ಲಿ. ಸಿಕ್ ಬೇ ಎಂದರೆ ಹಡಗಿನ ಚಿಕಿತ್ಸಾ ಕೋಣೆ.

"ಅಲ್ಲಿ ಬೇಡ ಸರ್. ಅಲ್ಲಿ ಕೂರಿಸಿ ಕೇಳಿದರೆ ಮತ್ತೆ ಅದೇ ಉತ್ತರ ಬರುತ್ತದೆ. ಬಾಯ್ಲರ್ ರೂಮಿನಲ್ಲಿ ಕೇಳಿ. ಮತ್ತು ದಯವಿಟ್ಟು ಆ ಇಂಗ್ಲಿಷ್ ಹೆಸರು ಎತ್ತಬೇಡಿ."

ಅವರು ಒಪ್ಪಿದರು. ಆಮೇಲೆ ಎಂಜಿನ್ ರೂಮಿನ ಈಗಿನ ಚೀಫನನ್ನು ಕರೆಸಿದರು. ಆ ಚೀಫ್ ನಮ್ಮಿಬ್ಬರನ್ನು ಕಂಡದ್ದೇ ಸಂಬಂಧಿಕರು ಬಂದಂತೆ ಹಿಗ್ಗಿ, "ಆಯಿಯೇ, ಆಯಿಯೇ," ಎಂದು ಮುಂದೆ ನಡೆದ.

ಕೆಳಗಿಳಿಯುವ ಉಕ್ಕಿನ ಏಣಿ ಕಡಿದು. ಅವನು ಒಂದೊಂದೇ ಮೆಟ್ಟಿಲಿಗೆ ಪಾದ ಕೂಡಿಸಿ ಇಳಿದ. ಆದರೆ ಎಣ್ಣೆಯ, ಬಿಸಿ ಕಬ್ಬಿಣದ ಆ ವಾಸನೆ ಮೂಗಿಗೆ ಬಡಿದದ್ದೇ ಅವನ ಬೆನ್ನು ನೇರವಾಯಿತು. ಪೈಪುಗಳೆಲ್ಲ ಬಟ್ಟೆ ಹೊದಿಸಿ ಬಿಳಿ ಬಣ್ಣ ಬಳಿದು ಅಚ್ಚುಕಟ್ಟಾಗಿದ್ದವು. ಒಂದು ಮೂಲೆಯಲ್ಲಿ ಮಾತ್ರ, ರಿಪೇರಿಗೆಂದು ಜೋಡಣೆಯೊಂದನ್ನು ಬಿಚ್ಚಿದ್ದಲ್ಲಿ, ಹಳೆಯ ಹೊದಿಕೆ ಹರಿದು ಒಳಗಿನದು ಹೊರಗೆ ಇಣುಕುತ್ತಿತ್ತು. ಬೆಳ್ಳಗೆ, ಎಳೆಎಳೆಯಾಗಿ.

ಡಾಕ್ಟರು ಅದರತ್ತ ಬೆರಳು ತೋರಿಸಿ ಕೇಳಿದರು. "ಇದನ್ನು ನೀವು ಏನೆಂದು ಕರೆಯುತ್ತಿದ್ದಿರಿ?"

"ರೂಯಿ, ಸಾಬ್."

ಆ ಹಡಗಿನ ಚೀಫ್ ಪಕ್ಕದಿಂದ ತಲೆಯಾಡಿಸಿದ. "ನಾವು ಇವತ್ತಿಗೂ ಹಾಗೇ ಕರೆಯುವುದು ಸರ್."

"ಇದರ ಕೆಲಸ ಹೇಗೆ ಮಾಡುತ್ತಿದ್ದಿರಿ?"

ಇವನಿಗೆ ಅಷ್ಟು ಸಾಕಾಯಿತು. ಗೋಣಿಯಿಂದ ಕಿತ್ತು ಬಾಲ್ದಿಯಲ್ಲಿ ನೀರು ಹಾಕಿ ಕಲಸುವುದು, ಪೈಪಿಗೆ ಮೆತ್ತುವುದು, ಒಣಗಿದ ಹಳೆಯದನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸುವುದು, ಫ್ಯಾನಿನ ಗಾಳಿಗೆ ಅದು ಬೂದಿಯಂತೆ ಹಾರಿ ಚಪಾತಿಯ ಮೇಲೆ ಕೂರುವುದು, ಕೊಡವಿ ತಿನ್ನುವುದು, ಋಷಿಯ ಗಡ್ಡ, ಮೂಟೆಯ ಮೇಲಿನ ನಿದ್ದೆ, ಎಲ್ಲವನ್ನೂ ಏದುಸಿರಿನ ನಡುವೆಯೇ ಹೇಳಿದ. ಹೇಳುತ್ತ ಹೇಳುತ್ತ, ಹೀಗೆ ಕೀಳುವುದು ಎಂದು ತೋರಿಸಲು ಆ ಬಿಳಿ ಎಳೆಗೆ ಕೈಚಾಚಿದ.

ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಅದೇ ಕ್ಷಣದಲ್ಲಿ ಡಾಕ್ಟರು ಕರವಸ್ತ್ರವನ್ನು ಮೂಗಿಗೊತ್ತಿ ಒಂದು ಹೆಜ್ಜೆ ಹಿಂದೆ ಸರಿದರು. ಇವನು ನನ್ನ ಕೈ ನೋಡಿದ, ಅವರ ಹೆಜ್ಜೆ ನೋಡಿದ. ನಾನು ಹಮದ್ ಟೌನಿನಲ್ಲಿ ಅಷ್ಟು ಹೊತ್ತು ಬಿಡಿಸಿ ಹೇಳಿದ್ದು ಅವನಿಗೆ ಪೂರ್ತಿ ತಿಳಿದದ್ದು ಆಗ.

"ಚೀಫೇ," ಎಂದ ಕನ್ನಡದಲ್ಲಿ, ಮೆಲ್ಲಗೆ. "ಇದು ಹತ್ತಿ ಅಲ್ಲ ಅಂತ ಇವರಿಗೆಲ್ಲ ಗೊತ್ತಿತ್ತಾ?"

"ಇವರಿಗೆ ಗೊತ್ತು. ನಮ್ಮ ಕಾಲದವರು ಹೇಳಲಿಲ್ಲ."

ಮೇಲೆ ಹತ್ತುವಾಗ ಡಾಕ್ಟರು ಅವನ ಹಿಂದೆಯೇ ಹತ್ತಿದರು, ಪ್ರತಿ ಮೆಟ್ಟಿಲಿಗೂ ನಿಂತರು. ಸಿಕ್ ಬೇಯಲ್ಲಿ ಅಂಗಿ ಬಿಚ್ಚಿಸಿ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಬರೆಯತೊಡಗಿದರು: ಇವನ ಕೆಲಸದ ವಿವರ, ಆ ವಸ್ತುವಿಗೆ ನಾವಿಕರಲ್ಲಿ ರೂಢಿಯಿರುವ ಹೆಸರು, ಹಿಂದಿನ ಹೇಳಿಕೆ ಭಾಷೆಯ ಗೊಂದಲದಿಂದ ಬಂದದ್ದು, ಮಂಡಳಿ ಇವನನ್ನು ಖುದ್ದಾಗಿ ಪರೀಕ್ಷಿಸಬೇಕೆಂಬ ಶಿಫಾರಸು. ನಾನು ಓದಿ ನೋಡಿ ಒಂದು ತಪ್ಪು ತೋರಿಸಿದೆ. ಸ್ಟೋಕರ್ ದರ್ಜೆಯನ್ನು ಒಂದು ಮೆಟ್ಟಿಲು ಕೆಳಗೆ ಬರೆದಿದ್ದರು. ನಗುತ್ತ ತಿದ್ದಿದರು.

"ನಾನೂ ಎಷ್ಟೋ ಹಳಬರನ್ನು ಆ ಇಂಗ್ಲಿಷ್ ಹೆಸರಿನಲ್ಲೇ ಕೇಳಿದ್ದೇನೆ," ಎಂದರು ಕಾಗದ ಮಡಿಸುತ್ತ. "ಎಲ್ಲರೂ ಇಲ್ಲ ಎಂದೇ ಹೇಳಿದ್ದರು."

ಚಹಾಕೂಟ ಮುಗಿಯುತ್ತ ಬಂದಿತ್ತು. ಹೊರಗೆ ಮುಂದಾಳು ಎದುರಾಗಿ, "ಎಂತ, ಹತ್ತಿ ಸಿಕ್ಕಿತಾ?" ಎಂದರು.

ಇವನು ನಿಂತು ಉಸಿರು ಕೂಡಿಸಿಕೊಂಡು ಹೇಳಿದ: "ಸಿಕ್ಕಿತು ಸರ್. ನೀವು ಡೆಕ್ಕಿನ ಮೇಲೆ ಇದ್ದದ್ದು ಒಳ್ಳೆದಾಯ್ತು." ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನಗೆ ಮಾತ್ರ ಕಾರು ತಲುಪುವವರೆಗೂ ನಗು ತಡೆಯಲಾಗಲಿಲ್ಲ.

ಮೇಲ್ಮನವಿ ಹೋಯಿತು. ಬೇಸಿಗೆ ಮುಗಿಯುವ ಮೊದಲೇ ಮುಂಬಯಿಯಲ್ಲಿ ಮಂಡಳಿಯ ಮುಂದೆ ಹಾಜರಾಗುವಂತೆ ಕರೆ ಬಂತು. ಗಂಡ ಹೆಂಡತಿ ಕೋಣೆ ಖಾಲಿ ಮಾಡಿ ಒಟ್ಟಿಗೇ ಹೊರಟರು. ವಿಮಾನ ನಿಲ್ದಾಣದಲ್ಲಿ ನಾನು ಮತ್ತೊಮ್ಮೆ ಪಾಠ ಹೇಳಹೊರಟಾಗ ಅವಳು ತಡೆದಳು. "ಸಾಕು ಅಣ್ಣ. ಇವರು ನಿದ್ದೆಯಲ್ಲಿ ಸಹ ಕಲ್ನಾರು ಕಲ್ನಾರು ಅಂತಾರೆ."

ಮಂಡಳಿಯ ದಿನ ನಾನು ಯಾರ್ಡಿಗೆ ಹೋಗಲಿಲ್ಲ. ಜಿಂಜ್‌ನ ಮನೆಯಲ್ಲಿ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಬೇರೆ ಯಾರೋ ಫೋನ್ ಮಾಡಿದರೆ ಒರಟಾಗಿ ಮಾತಾಡಿ ಇಟ್ಟುಬಿಟ್ಟೆ. ಮಧ್ಯಾಹ್ನ ಕಳೆದ ಮೇಲೆ ಅವನ ದನಿ ಕೇಳಿಸಿತು, ಹಿಂದೆ ಬಹಳ ಜನರ ಗದ್ದಲ.

"ಎಂತ ಆಯ್ತು?" ಎಂದೆ.

"ನಂದು ಒಪ್ಪಿದ್ರು ಚೀಫೇ. ಸೇವೆಯಿಂದಲೇ ಬಂದದ್ದು ಅಂತ ಬರೀತಾರಂತೆ. ಮದ್ದು ಸಹ ಇಲ್ಲೇ, ಸೇನಾ ಆಸ್ಪತ್ರೆಯಲ್ಲೇ."

ನಾನು ಕುರ್ಚಿಯಿಂದ ಎದ್ದು ನಿಂತೆ. ಅವನಿಗೆ ನನ್ನ ಉತ್ತರ ಬೇಕಾಗಿರಲಿಲ್ಲ. ಅವನ ಸಂಭ್ರಮ ಬೇರೆಯೇ ಇತ್ತು.

"ಅದಿರ್ಲಿ, ಇದು ಕೇಳಿ. ಹೊರಗೆ ಬೆಂಚಲ್ಲಿ ಸುಮಾರು ಜನ ಕೂತಿದ್ದಾರೆ. ಎಲ್ಲ ನಮ್ಮಂಥ ಹಳೇ ಸ್ಟೋಕರುಗಳೇ. ಒಬ್ಬ ಗೋವಾದವ, ಒಬ್ಬ ರತ್ನಾಗಿರಿಯವ, ಕೇರಳದವರು. ಎಲ್ಲರದ್ದೂ ನನ್ನ ಹಾಗೇ ಉಸಿರು. ನಾನು ಒಬ್ಬೊಬ್ಬರ ಹತ್ರ ಕೇಳಿದೆ, ಡಾಕ್ಟರಿಗೆ ಎಂತ ಹೇಳಿದ್ದೀರಿ ಅಂತ." ಅವನು ಉಸಿರಿಗಾಗಿ ನಿಂತ. ನಾನು ಕಾದೆ.

"ಚೀಫೇ, ಇಲ್ಲಿ ಕೂತವರೆಲ್ಲ ಹಂಚಿನ ಮನೆಯವರೇ. ಈಗ ಫೋನ್ ಇಡ್ತೇನೆ. ಅವರನ್ನು ಒಳಗೆ ಕರೆಯುವ ಮೊದಲು ನಾನು ಎಲ್ಲರಿಗೂ ಹೇಳಿ ಮುಗಿಸ್ಬೇಕು."